ಅರಳಿಮರದ ಅರ್ಥಿಂಗ್

ಕಲ್ಲಗುಡ್ಡದ ಅರಳಿಮರ ಮೂರು ತಿಂಗಳಿಂದ ಇಡೀ ಊರಿಗೆ ವೈಫೈ ಕೊಡುತ್ತಿತ್ತು. ಕಾಂಡಕ್ಕೆ ಕಟ್ಟಿದ ಅಂಗೈಯಗಲದ ಪೆಟ್ಟಿಗೆಯೊಂದು ಮರದೊಳಗೆ ಹರಿಯುವ ರಸವನ್ನೇ ಆಂಟೆನಾ ಮಾಡಿಕೊಂಡು ಕೊಂಬೆಕೊಂಬೆಯಿಂದ ಅಲೆಗಳನ್ನು ಬೀರುತ್ತಿತ್ತು. 'ಗಿಡದಿಂದ ವೈಫೈ ಬಂದ್ರ ಕತ್ತೆಗೂ ಕೋಡು ಮೂಡ್ತಾವ' ಎಂದು ನಕ್ಕವರೇ ಈಗ ಅದರ ನೆರಳಲ್ಲಿ ಕುಳಿತು ಸಿನಿಮಾ ನೋಡುತ್ತಿದ್ದರು. ಅದನ್ನು ಕಂಡುಹಿಡಿದ ಡಾ. ನಿವೇದಿತಾ ಕಟ್ಟಿಮನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಆದರೆ 2061ರ ಏಪ್ರಿಲ್‌ನ ಆ ಬೆಳಿಗ್ಗೆ ಸಂಪರ್ಕವೇ ಇಲ್ಲ! ಹನ್ನೊಂದೂವರೆಗೆ ಊರಿನ ಹುಡುಗಿ ದಾನೇಶ್ವರಿ ಏಷ್ಯಾ ಮಟ್ಟದ ಭಾರ ಎತ್ತುವ ಸ್ಪರ್ಧೆಯ ಫೈನಲ್‌ಗೆ ಇಳಿಯುವವಳು. ಅವ್ವನ ದನಿ ಕೇಳದೆ ಅವಳು ಒಮ್ಮೆಯೂ ವೇದಿಕೆ ಹತ್ತಿದವಳಲ್ಲ. ಹಳೆಯ ಮೊಬೈಲ್ ಟವರನ್ನು ಊರವರೇ ಸಂಭ್ರಮದಿಂದ ಕಿತ್ತು ಕಳಿಸಿದ್ದರು. ಪಕ್ಕದ ಊರಿಗೆ ಮುಕ್ಕಾಲು ಗಂಟೆಯ ದಾರಿ. ಆಗಲೇ ಹನ್ನೊಂದು ಹೊಡೆದಿತ್ತು.

ಊರವರ ಜೊತೆ ಪಂದ್ಯ ನೋಡಲೆಂದೇ ಬಂದಿದ್ದ ನಿವೇದಿತಾ ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿದಳು, ಚಾನೆಲ್ ಬದಲಿಸಿದಳು, ಪಾಸ್‌ವರ್ಡ್ ಹೊಸದಾಗಿ ಹಾಕಿದಳು. ಹಸಿರು ದೀಪವೇನೋ ಉರಿಯುತ್ತಿತ್ತು, ಫೋನುಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ದಾನೇಶ್ವರಿಯ ತಾಯಿ ಶಾವಂತ್ರವ್ವ ಇಪ್ಪತ್ತೈದು ವರ್ಷ ವಿದ್ಯುತ್ ಕಂಬ ಹತ್ತಿ ಇಳಿದವಳು. ಓದಿದವರ ಕೆಲಸದಲ್ಲಿ ಬಾಯಿ ಹಾಕಬಾರದೆಂದು ಇಷ್ಟು ಹೊತ್ತು ಸುಮ್ಮನಿದ್ದಳು. ಇನ್ನು ತಡೆಯಲಾಗಲಿಲ್ಲ.

"ಮೇಡಂ, ಅರ್ಥಿಂಗ್ ನೋಡೀರೇನ್ರಿ?"

ಅರ್ಥಿಂಗ್ ಎಂದರೆ ಯಂತ್ರಕ್ಕೂ ನೆಲಕ್ಕೂ ಇರಬೇಕಾದ ನಂಟು. "ಗಿಡದ ಬೇರು ನೆಲದಾಗ ಇರ್ತಾವಲ್ಲ ಅಕ್ಕಾರ, ಅವೇ ಅರ್ಥಿಂಗ್," ಎಂದಳು ನಿವೇದಿತಾ.

"ನೆಲ ಒಣಗಿದ್ರ? ಬ್ಯಾಸಗ್ಯಾಗ ಟ್ರಾನ್ಸ್‌ಫಾರ್ಮರ್ ಬುಡಕ್ಕ ನಾವು ಕೊಡಗಟ್ಟಲೆ ನೀರು ಹಾಕತಿದ್ವಿರಿ. ಹಸಿ ಇಲ್ಲಂದ್ರ ಅರ್ಥಿಂಗ್ ಹಿಡಿಯಂಗಿಲ್ಲ."

ನಿವೇದಿತಾ ಬುಡ ನೋಡಹೋದರೆ ಬುಡವೇ ಕಾಣಲಿಲ್ಲ! ಊರಿಗೆ ಕೀರ್ತಿ ತಂದ ಮರವೆಂದು ಕಲ್ಲು ಕ್ವಾರಿಯ ಸಾಹುಕಾರ ಸಂಗನಬಸಪ್ಪ ಕಳೆದ ತಿಂಗಳು ಕಾಂಡಕ್ಕೆ ಒತ್ತಿ ಸಿಮೆಂಟ್ ಸುರಿಸಿ, ಗ್ರಾನೈಟ್ ಹಾಸಿಸಿ, ಅದರ ಮೇಲೆ ತಂದೆಯ ಹೆಸರು ಕೆತ್ತಿಸಿದ್ದ. ಹನಿ ನೀರು ಇಳಿಯಲೂ ಸಂದಿಯಿಲ್ಲ. ಪ್ರಯೋಗಾಲಯದ ಮರಕ್ಕೆ ದಿನವೂ ನೀರು ಹಾಕುತ್ತಿದ್ದ ಮಾಲಿಯ ಬಗ್ಗೆ ತಾನು ಯಾವ ವರದಿಯಲ್ಲೂ ಒಂದು ಸಾಲು ಬರೆದಿಲ್ಲವೆಂದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

"ಈ ಕಲ್ಲು ಒಡೀಬೇಕ್ರಿ, ಈಗಿಂದೀಗ!" ಎಂದಳು ನಿವೇದಿತಾ.

"ನಮ್ಮಪ್ಪನ ಹೆಸರೈತ್ರಿ ಅದರ ಮ್ಯಾಲೆ!" ಸಂಗನಬಸಪ್ಪ ಅಡ್ಡ ನಿಂತ.

ಶಾವಂತ್ರವ್ವ ಕ್ವಾರಿಯ ಆಳೊಬ್ಬನಿಂದ ಹಾರೆ ಇಸಿದುಕೊಂಡು ಸಾಹುಕಾರನ ಕೈಗೇ ಕೊಟ್ಟಳು. "ಹನ್ನೆರಡು ನಿಮಿಷ ಉಳದಾವ್ರಿ ಸಾವ್ಕಾರ್ರ. ನನ್ನ ಮಗಳು ಅಲ್ಲಿ ಫೋನ್ ಹಿಡಕೊಂಡು ಕುಂತಾಳ."

ಅವನು ಕಲ್ಲು ನೋಡಿದ, ಅವಳ ಮುಖ ನೋಡಿದ. ಆಮೇಲೆ ಧೋತರ ಎತ್ತಿ ಕಟ್ಟಿ ಮೊದಲ ಏಟು ತಾನೇ ಹಾಕಿದ. ಕ್ವಾರಿಯ ಆಳುಗಳೂ ಕೈ ಹಾಕಿದರು. ಕಲ್ಲಿನಡಿಯ ಮಣ್ಣು ಬೂದಿಯ ಹಾಗೆ ಹಾರಿತು. ಕೊಡ, ಬಕೆಟ್, ಚಹಾದಂಗಡಿಯ ಪಾತ್ರೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ಜನ ನೀರು ತಂದು ಸುರಿದರು. ಹನ್ನೊಂದು ಇಪ್ಪತ್ತೇಳಕ್ಕೆ ಊರಿನ ಫೋನುಗಳೆಲ್ಲ ಒಟ್ಟಿಗೇ ಬಡಿದುಕೊಂಡವು!

"ಅವ್ವಾ, ಎಲ್ಲಿ ಹೋಗಿದ್ದಿ?"

"ಇಲ್ಲೇ ಅದೀನವಾ. ಎತ್ತು ನೀ!"

ದಾನೇಶ್ವರಿ ಎತ್ತಿದಳು. ಬಂದದ್ದು ಮೂರನೆಯ ಸ್ಥಾನ. ಊರಿಗೆ ಅದೇ ಚಿನ್ನ.

ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಿವೇದಿತಾಳ ಕಾಲು ನೆಲದ ಮೇಲಿರಲಿಲ್ಲ. ಸಂಪರ್ಕ ಹೋದರೆ ಮೊದಲು ಬುಡಕ್ಕೆ ನೀರಿದೆಯೇ ನೋಡಿ ಎಂದು ಕೈಪಿಡಿಯ ಮೊದಲ ಪುಟದಲ್ಲೇ ಬರೆಸುವುದಾಗಿ ಹೇಳುತ್ತಿದ್ದಳು. ಕಳಿಸಲು ಬಂದಿದ್ದ ಶಾವಂತ್ರವ್ವ ರಸ್ತೆಯ ಬದಿಗೆ ಕೈ ತೋರಿಸಿದಳು. ಅರೆ ಒಣಗಿದ ಬೇವಿನ ಮರಗಳ ಸಾಲು, ಎಲ್ಲದರ ಬುಡಕ್ಕೂ ಒತ್ತಿ ಸಿಮೆಂಟು.

"ಎರಡು ಸಾವಿರದ ಇಪ್ಪತ್ತಾರರಾಗ ಹಾಕಿದ ಸಿಮೆಂಟ್ರಿ ಇದು. ಈ ಗಿಡದಿಂದ ಸಿಗ್ನಲ್ ಬರಂಗಿಲ್ಲ ನೋಡ್ರಿ, ಅದಕ್ಕ ಇಷ್ಟು ವರ್ಷ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ."