ಬಿಸಿಲಿಗೆ ಹಾಕಿದ ಫ್ಲಾಪಿ

ನಯನ ಐದನೇ ಫ್ಲಾಪಿಯನ್ನು ತಿರುವಿ ಹಾಕಿದಳು. ಬೆರಳಿಗೆ ಚುರ್ ಅಂತು. ಏಪ್ರಿಲ್ ತಿಂಗಳ ಮಧ್ಯಾಹ್ನ, ತಾರಸಿಯ ಮೇಲೆ ಬರಿಗಾಲು ಊರುವ ಹಾಗೇ ಇರಲಿಲ್ಲ. ಅವಳು ಅಜ್ಜಿಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು.

ಹಳೇ ಸೀರೆಯ ಮೇಲೆ ಅಜ್ಜಿ ಕೊಬ್ಬರಿ ಬಟ್ಟಲುಗಳನ್ನು ಒಣಹಾಕಿದ್ದರು. ಅದೇ ಸೀರೆಯ ಇನ್ನೊಂದು ತುದಿಯಲ್ಲಿ ಒಂಬತ್ತು ಫ್ಲಾಪಿಗಳು ಸಾಲಾಗಿ ಮಲಗಿದ್ದವು. ಫ್ಲಾಪಿ ಅಂದರೆ ಹಳೇ ಕಾಲದ ಪೆನ್ ಡ್ರೈವ್ ಅಂದುಕೊಳ್ಳಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ತೆಳ್ಳನೆಯ ಕಪ್ಪು ಚೌಕ, ನಡುವೆ ಒಂದು ತೂತು.

ಆರನೆಯದನ್ನು ತಿರುವಲು ಹೋದವಳು ಕೈ ಹಿಂದಕ್ಕೆ ತೆಗೆದಳು. ಅದರ ಒಂದು ಮೂಲೆ ಮೇಲೆದ್ದಿತ್ತು. ಏಳನೆಯದಕ್ಕೆ ಎರಡು ಮೂಲೆ ಎದ್ದಿದ್ದವು. ಎಂಟನೆಯದು ಒಣಗಿದ ಹಪ್ಪಳದ ಹಾಗೆ ಪೂರ್ತಿ ಡೊಂಕಾಗಿತ್ತು.

ಒಂಬತ್ತನೆಯದನ್ನು ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಆದರೂ ನೋಡಿದಳು. ಅದರ ಮೇಲಿನ ಚೀಟಿಯಲ್ಲಿ ನೀಲಿ ಇಂಕಿನಲ್ಲಿ ಬರೆದಿತ್ತು: ‘ಕಾಯಿ ಆಟ. ಗಂಗ, ದಯ.’ ಚೀಟಿ ಚೆನ್ನಾಗಿಯೇ ಇತ್ತು. ಫ್ಲಾಪಿ ಮಾತ್ರ ದೋಣಿಯಾಗಿತ್ತು.

ಪಾಪ, ಅವಳು ಮಾಡಲು ಹೋದದ್ದು ಒಳ್ಳೇ ಕೆಲಸವೇ. ರಜಕ್ಕೆ ಅಂತ ದಬ್ಬೇಘಟ್ಟದ ಅಜ್ಜಿ ಮನೆಗೆ ಬಂದು ವಾರವಾಗಿತ್ತು. ಅಲ್ಲಿ ದಯಾನಂದ ಮಾವ ಇದ್ದಾನಲ್ಲ, ಅಮ್ಮನ ಅಣ್ಣ, ಅವನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇದೆ. ಅಂಗಡಿಯಲ್ಲಿರುವುದು ಹೊಸ ಕಂಪ್ಯೂಟರ್. ಅದರ ಮೇಲೆ ಮಾವನಿಗೆ ಏನೂ ಪ್ರೀತಿ ಇಲ್ಲ. ಅವನ ಜೀವವೆಲ್ಲ ಇರುವುದು ಮನೆಯ ಹಿಂದಿನ ಕೋಣೆಯಲ್ಲಿ. ಅಲ್ಲಿ ನಾಲ್ಕು ಹಳೇ ಕಂಪ್ಯೂಟರ್, ಎರಡು ಡಬ್ಬದಂಥ ಮಾನಿಟರ್, ಒಂದು ಟಿವಿ ಗೇಮು ಇವೆ.

ಸಂಜೆ ಆ ಕೋಣೆಯಲ್ಲಿ ಕೂತರೆ ಮಾವನ ಬಾಯಿ ನಿಲ್ಲುತ್ತಿರಲಿಲ್ಲ. ಟಿವಿ ಗೇಮಿನ ಕ್ಯಾಸೆಟ್ ಮೇಲೆ ಸಾವಿರ ಆಟ ಅಂತ ಬರೆದಿತ್ತಂತೆ, ಒಳಗೆ ಇದ್ದದ್ದು ಏಳೇ ಅಂತೆ. ಅದು ಆನ್ ಆಗದಿದ್ದರೆ ತೆಗೆದು ಉಫ್ ಅಂತ ಊದಿ ಮತ್ತೆ ಹಾಕಬೇಕಂತೆ. ಇನ್ನೇನು ಗೆದ್ದೆವು ಅನ್ನುವಾಗಲೇ ಕರೆಂಟ್ ಹೋಗುತ್ತಿತ್ತಂತೆ, ಆಮೇಲೆ ಎಲ್ಲಾ ಮೊದಲಿಂದ. ತುರುವೇಕೆರೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಅವನೂ ಅಮ್ಮನೂ ಹೋಗುವಾಗ ದೇವರ ಮನೆಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತಂತೆ. ನಯನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಆದರೆ ಒಂದು ಮಾತನ್ನು ಮಾತ್ರ ಅವಳಿಗೆ ನಂಬಲಾಗಲಿಲ್ಲ. ಅಮ್ಮ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ವಿಡಿಯೋ ಗೇಮ್ ಬರೆದಿದ್ದಳಂತೆ. ಆಡಿದ್ದಲ್ಲ, ಬರೆದದ್ದು. ಅಮ್ಮಸಂದ್ರದಲ್ಲಿ ಯಾರೋ ಗುಜರಿಗೆ ಹಾಕಿದ್ದ ಕಂಪ್ಯೂಟರನ್ನು ತಾತ ಒಂದು ಮೂಟೆ ತೆಂಗಿನಕಾಯಿ ಕೊಟ್ಟು ಮನೆಗೆ ತಂದಿದ್ದರು. ಅದರ ಮುಂದೆ ಅಣ್ಣ ದಯ, ತಂಗಿ ಗಂಗ ಕೂತು ಮಾಡಿದ ಆಟವೇ ಕಾಯಿ ಆಟ. ಮರದಿಂದ ಕಾಯಿ ಬೀಳುತ್ತೆ, ಕುಕ್ಕೆಯಲ್ಲಿ ಹಿಡಿಯಬೇಕು.

“ನಿಮ್ಮಮ್ಮಂದು ಒಂಬೈನೂರ ನಲವತ್ತು ಸ್ಕೋರ್ ಕಣವ್ವ. ನಂದು ಆರ್ನೂರು ದಾಟ್ಲೇ ಇಲ್ಲ,” ಎಂದಿದ್ದ ಮಾವ. “ಎಲ್ಲಾ ಆ ಫ್ಲಾಪಿಲೇ ಐತೆ. ಭಾನುವಾರ ಅವಳು ಬರ್ತಾಳಲ್ಲ, ತೋರಿಸ್ತೀನಿ ನೋಡು.”

ನಯನಳಿಗೆ ಗೊತ್ತಿದ್ದ ಅಮ್ಮನೇ ಬೇರೆ. ತುರುವೇಕೆರೆಯಲ್ಲಿ ಬ್ಲೌಸ್ ಹೊಲಿಯುವ ಅಮ್ಮ. ಯಾರ ಅಳತೆಯನ್ನೂ ಬರೆದುಕೊಳ್ಳದೆ ತಲೆಯಲ್ಲೇ ಇಟ್ಟುಕೊಳ್ಳುವ ಅಮ್ಮ, ಅದೇನೋ ಸರಿ. ಆದರೆ ಫೋನಿನಲ್ಲಿ ಹೊಸದೇನಾದರೂ ಕಂಡರೆ ಸಾಕು, ಬೆರಳು ತಾಗಿಸಲೂ ಹೆದರಿ, “ನೋಡೇ, ಇದೇನೋ ಕೇಳ್ತೈತೆ,” ಅಂತ ಅವಳ ಕೈಗೆ ಕೊಟ್ಟುಬಿಡುತ್ತಾಳೆ. ಒಂದು ಸಲ ಗೆಳತಿಯ ಮುಂದೆ ನಯನ, ನಮ್ಮಮ್ಮಂಗೆ ಏನೂ ಗೊತ್ತಾಗಲ್ಲ ಅಂತ ಅಂದೂ ಬಿಟ್ಟಿದ್ದಳು. ಅಮ್ಮ ಅಲ್ಲೇ ಕಾಜಾ ಹಾಕುತ್ತಿದ್ದಳು. ತಲೆ ಎತ್ತಿರಲಿಲ್ಲ.

ಹಾಗಾಗಿ ಆ ಆಟವನ್ನು ಕಣ್ಣಾರೆ ನೋಡಲೇಬೇಕು ಅಂತ ನಯನಳಿಗೆ ಆಸೆ. ಮಾವ ಅಟ್ಟದಿಂದ ಫ್ಲಾಪಿ ಡಬ್ಬ ಇಳಿಸಿದ. ಮುಚ್ಚಳ ತೆಗೆದು ಪೆಚ್ಚಾದ. ವರ್ಷಾನುಗಟ್ಟಲೆ ತೆಂಗಿನಕಾಯಿ ಜೊತೆ ಅಟ್ಟದಲ್ಲಿ ಇದ್ದವಲ್ಲ, ಎಲ್ಲಕ್ಕೂ ಬಿಳೀ ಬೂಷ್ಟು ಹಿಡಿದಿತ್ತು. ಹೀಗೇ ಹಾಕಿದರೆ ಓಡಲ್ಲ, ಸ್ಪಿರಿಟ್ ತರಬೇಕು, ಕ್ಲೀನ್ ಮಾಡಬೇಕು ಅಂತ ಗೊಣಗಿಕೊಂಡು ಅವನು ಅಂಗಡಿಗೆ ಹೋದ.

ನಯನ ಅಡುಗೆಮನೆಗೆ ಹೋಗಿ, ಬೂಷ್ಟು ಹಿಡಿದರೆ ಏನು ಮಾಡಬೇಕು ಅಂತ ಅಜ್ಜಿಯನ್ನು ಕೇಳಿದಳು. ಚಿಕ್ಕಗೌರಮ್ಮಜ್ಜಿ ಅರವತ್ತು ವರ್ಷದಿಂದ ಕೊಬ್ಬರಿ ಮಾಡಿದವರು. ತಲೆ ಎತ್ತದೆ ಉತ್ತರ ಕೊಟ್ಟರು.

“ಚೆನ್ನಾಗಿ ಒರೆಸಿ ಬಿಸ್ಲಿಗೆ ಹಾಕು ಮಗಾ. ಎರಡೂ ಕಡೆ ಕಾಯಬೇಕು, ತಿರುವಿ ತಿರುವಿ ಹಾಕು.”

ಅವಳು ಹಾಗೇ ಮಾಡಿದ್ದಳು. ಒರೆಸಿದ್ದಳು, ಬಿಸಿಲಿಗೆ ಹಾಕಿದ್ದಳು, ತಿರುವಿಯೂ ಹಾಕಿದ್ದಳು. ಮಾವನಿಗೆ ಸರ್ಪ್ರೈಸ್ ಕೊಡೋಣ ಅಂತಿದ್ದಳು.

ಈಗ ಒಂಬತ್ತನ್ನೂ ಲಂಗದಲ್ಲಿ ಕಟ್ಟಿಕೊಂಡು ಕೆಳಗೆ ಓಡಿದಳು. ನೆಟ್ಟಗಾಗಲಿ ಅಂತ ರುಬ್ಬುವ ಕಲ್ಲಿನ ಗುಂಡಿನ ಕೆಳಗೆ ಇಟ್ಟಳು. ಗುಂಡು ಉರುಳಿಹೋಯಿತು. ಅಕ್ಕಿ ಮೂಟೆಯ ಕೆಳಗೆ ತೂರಿಸಿ ಮೇಲೆ ಕೂತಳು. ಅರ್ಧ ಗಂಟೆ ಬಿಟ್ಟು ತೆಗೆದು ನೋಡಿದರೆ, ಡೊಂಕಾಗಿದ್ದದ್ದು ಈಗ ಡೊಂಕಾಗಿ ಸುಕ್ಕಾಗಿತ್ತು.

ಸುಮ್ಮನೆ ಡಬ್ಬಕ್ಕೆ ಹಾಕಿ ಮುಚ್ಚಿಬಿಡೋಣ ಅನ್ನಿಸಿತು. ಮಾವ ತೆಗೆದಾಗ, ಮೊದಲೇ ಡೊಂಕಾಗಿದ್ದವು, ಬೂಷ್ಟಿನಲ್ಲಿ ತನಗೆ ಕಾಣಲಿಲ್ಲ ಅಂದುಕೊಳ್ಳಬಹುದು. ಡಬ್ಬಕ್ಕೆ ಹಾಕಿಯೂ ಹಾಕಿದಳು.

ಮಾವ ಊಟಕ್ಕೆ ಬಂದಾಗ ಅವನ ಕೈಯಲ್ಲಿ ಸ್ಪಿರಿಟ್ ಬಾಟಲಿ, ಹತ್ತಿ ಎರಡೂ ಇದ್ದವು. ಖುಷಿಯಾಗಿದ್ದ. ಅಜ್ಜಿ ಮುದ್ದೆ, ಉಪ್ಪುಸಾರು ಬಡಿಸಿದರು. ನಯನ ಒಂದು ತುತ್ತು ಮುರಿದಳು. ಸಾರಿನಲ್ಲಿ ಅದ್ದಿದವಳು ಅದನ್ನು ಹಾಗೇ ತಟ್ಟೆಯಲ್ಲಿ ಇಟ್ಟಳು.

“ಮಾವ, ನಾನು ಫ್ಲಾಪಿ ಬಿಸ್ಲಿಗೆ ಹಾಕ್ಬಿಟ್ಟೆ,” ಎಂದಳು.

ಮಾವ ನಕ್ಕ. ತಮಾಷೆ ಅಂದುಕೊಂಡಿದ್ದ. ಅವಳು ನಗಲಿಲ್ಲ. ಅವನು ಎದ್ದು ಕೈ ತೊಳೆದು ಕೋಣೆಗೆ ಹೋದ.

ನೀಲಿ ಇಂಕಿನ ಚೀಟಿಯದನ್ನೇ ಮೊದಲು ಎತ್ತಿಕೊಂಡ. ನಿಧಾನವಾಗಿ ಒತ್ತಿ ಒತ್ತಿ ನೆಟ್ಟಗೆ ಮಾಡಿ, ಸ್ಪಿರಿಟ್ ಹಚ್ಚಿ ಒರೆಸಿ, ಕಂಪ್ಯೂಟರಿಗೆ ತೂರಿಸಿದ. ಕಿರ್ರ್, ಕಿರ್ರ್, ಕಿರ್ರ್ ಅಂತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಓದಲು ಆಗುತ್ತಿಲ್ಲ ಅಂತ ಅದರರ್ಥ. ಇನ್ನೊಂದು ಸಲ ಹಾಕಿದ. ಅದೇ ಸಾಲು. ಮತ್ತೊಂದು ಸಲ ಹಾಕಿದ.

ಆಮೇಲೆ ಸ್ವಿಚ್ ಆಫ್ ಮಾಡಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿದ.

“ಇದನ್ನ ನೆರಳಲ್ಲಿ ಆರಿಸ್ಬೇಕು ಕಣವ್ವ,” ಎಂದ. “ಬುಡು. ನೀನೇನು ಬೇಕೂ ಅಂತ ಮಾಡ್ಲಿಲ್ಲ.”

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವತ್ತು ಸಂಜೆ ಮಾವ ಹಿಂದಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಮಾರನೇ ದಿನವೂ ತೆಗೆಯಲಿಲ್ಲ. ನಯನಳಿಗೆ ಅಳು ಬಂತು, ಒಬ್ಬಳೇ ಕೂತು ಅತ್ತಳು. ಅಮ್ಮ ಜಾಣೆ ಆಗಿದ್ದಳು ಅನ್ನುವುದಕ್ಕೆ ಇದ್ದದ್ದು ಅದೊಂದೇ ಸಾಕ್ಷಿ. ಅದನ್ನು ತಾನೇ ಸುಟ್ಟು ಹಾಕಿದ್ದಳು.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಅಮ್ಮ ಬಂದಳು. ಅಮ್ಮ ಬ್ಯಾಗು ಕೆಳಗಿಡುವ ಮುಂಚೆಯೇ ನಯನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಹೇಳುತ್ತಾ ಹೇಳುತ್ತಾ ಮತ್ತೆ ಅಳು ಬಂತು.

ಅಮ್ಮ ಅವಳ ಮುಖ ಒರೆಸಿದಳು.

“ಕಾಯಿ ಆಟನಾ? ಅದನ್ನ ಇನ್ನೂ ಮಡಗಿದ್ನಾ ಅಣ್ಣ?” ಎಂದಳು.

ಮಾವನನ್ನು ಕರೆದು ಕೋಣೆಯ ಬಾಗಿಲು ತೆಗೆಸಿದಳು. ಹೊಸ್ತಿಲ ಹತ್ತಿರ ಹೋದವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಬಿಡು ಅಂತ ಯಾರೂ ಹೇಳಿರಲಿಲ್ಲ. ಮಾವ ಅದನ್ನು ನೋಡಿ ಎರಡು ದಿನದಲ್ಲಿ ಮೊದಲ ಸಲ ನಕ್ಕ.

“ಅಣ್ಣಾ, ಇದ್ರಲ್ಲಿ ಬೇಸಿಕ್ ಐತಾ?”

ಬೇಸಿಕ್ ಅಂದರೆ ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳುವ ಒಂದು ಭಾಷೆ. ಅದು ಕಂಪ್ಯೂಟರಿನ ಒಳಗೇ ಇತ್ತು, ಅದಕ್ಕೇನೂ ಆಗಿರಲಿಲ್ಲ. ಹೋಗಿದ್ದದ್ದು ಆಟ ಮಾತ್ರ.

“ಹೋದ್ರೆ ಹೋಯ್ತು ಬುಡು,” ಎಂದಳು ಅಮ್ಮ. “ಇನ್ನೊಂದ್ಸಲ ಬರಿಯಾನ.”

ಅಮ್ಮ ಕೀಬೋರ್ಡಿನ ಮೇಲೆ ಕೈ ಇಟ್ಟಳು. ಮೊದಲು ಒಂದೊಂದೇ ಬೆರಳು, ಹುಡುಕಿ ಹುಡುಕಿ. ಆಮೇಲೆ ಅವಳ ಬೆರಳಿಗೆ ಏನೋ ನೆನಪಾದ ಹಾಗಾಯಿತು. ಕಟಕಟ, ಕಟಕಟ ಅಂತ ಓಡಿತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲು ಸಾಲಾಗಿ ಬಂದವು. ನಯನ ಅಮ್ಮನ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು. ಮೊದಲನೇ ಸಾಲಿಗೆ ಅಮ್ಮ ಹತ್ತು ಅಂತ ನಂಬರ್ ಹಾಕಿದಳು. ಆಮೇಲಿನದಕ್ಕೆ ಇಪ್ಪತ್ತು. ಅದರ ಮುಂದಿನದಕ್ಕೆ ಮೂವತ್ತು.

ಒಂದು, ಎರಡು, ಮೂರು ಅಂತ ಯಾಕೆ ಹಾಕಲಿಲ್ಲ ಅಂತ ನಯನ ಕೇಳಿದಳು.

“ತೆಂಗಿನ ಸಸಿ ಇಡೋವಾಗ ಒತ್ತೊತ್ತಾಗಿ ಇಡ್ತಾರೇನೆ? ನಡುವೆ ಬಾಳೆ ಇಡಕ್ಕೆ ಜಾಗ ಬಿಡಲ್ವಾ? ಇದೂ ಹಂಗೇ. ಮುಂದೆ ಏನಾರ ನೆನಪಾದ್ರೆ ಹದಿನೈದು ಅಂತ ಹಾಕಿ ಮಧ್ಯಕ್ಕೆ ಸೇರಿಸ್ಬೋದು.”

ಎಪ್ಪತ್ತನೇ ಸಾಲಿಗೆ ಬಂದು ಅಮ್ಮ ನಿಂತುಬಿಟ್ಟಳು. ನೆನಪಾಗಲಿಲ್ಲ. ಮಾವ ತಲೆ ಕೆರೆದುಕೊಂಡು ಏನೋ ಹೇಳಿದ. ಅದಲ್ಲ ಅಂದಳು. ಇಬ್ಬರೂ ಜಗಳ ಆಡಿದರು, ನಯನ ಮತ್ತು ಅವಳ ಗೆಳತಿಯರು ಆಡುವ ಹಾಗೆಯೇ. ಎರಡು ಸಲ ಎರರ್ ಬಂತು. ಅಜ್ಜಿ ಕಾಫಿ ತಂದವರು ಅಲ್ಲೇ ಬಾಗಿಲಿಗೆ ಒರಗಿ ನಿಂತರು. ಮೂರನೇ ಸಲ ಆಟ ಓಡಿತು. ಪರದೆಯ ಮೇಲೆ ಒಂದು ದುಂಡನೆಯ ಕಾಯಿ ಕಾಣಿಸಿತು. ಅದು ನೆಲದಿಂದ ಹೊರಟು ಸೀದಾ ಆಕಾಶಕ್ಕೆ ಹೋಯಿತು.

“ಇದ್ಯಾವ ಕಾಯೇ ಗಂಗ, ಮೇಲಕ್ಕೆ ಬೀಳ್ತೈತೆ,” ಎಂದರು ಅಜ್ಜಿ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ಕಣ್ಣು ಒರೆಸಿಕೊಂಡು, ಒಂದು ಸಾಲಿನ ಮೈನಸ್ ತೆಗೆದು ಪ್ಲಸ್ ಮಾಡಿದಳು. ಕಾಯಿ ಕೆಳಗೆ ಬಿತ್ತು.

ಅಮ್ಮನಿಗೆ ಅರವತ್ತು ಪಾಯಿಂಟ್ ಬಂತು. ಮಾವನಿಗೆ ಎಂಬತ್ತು. ಇಪ್ಪತ್ತೆಂಟು ವರ್ಷದ ಮೇಲೆ ತಂಗಿಯನ್ನು ಸೋಲಿಸಿದೆ ಅಂತ ಅವನು ಅಜ್ಜಿಗೆ ನಾಲ್ಕು ಸಲ ಹೇಳಿದ. ಒಂಬೈನೂರ ನಲವತ್ತು ಇನ್ನು ಯಾವತ್ತೂ ಪರದೆಯ ಮೇಲೆ ಬರುವುದಿಲ್ಲ. ಅಮ್ಮನಿಗೆ ಅದರ ಚಿಂತೆ ಇದ್ದ ಹಾಗೆ ಕಾಣಲಿಲ್ಲ.

“ನಲವತ್ತೈದು ಖಾಲಿ ಐತೆ,” ಎಂದಳು ನಯನಳನ್ನು ಎಳೆದು ಕೂರಿಸಿಕೊಂಡು. “ನೀನೇನಾರ ಸೇರಿಸ್ತೀಯಾ?”

ನಯನ ಬಹಳ ಯೋಚನೆ ಮಾಡಿದಳು. ಅಮ್ಮ ಹೇಳಿಕೊಟ್ಟ ಹಾಗೆ ಒಂದೊಂದೇ ಅಕ್ಷರ ಒತ್ತಿದಳು. ಆಟ ಶುರುವಾಗುವಾಗ ಈಗ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಕನ್ನಡ ಸಾಲು ಬರುತ್ತದೆ: ಬಿಸಿಲಿಗೆ ಹಾಕಬೇಡಿ.

ಸಂಜೆ ಅಮ್ಮನನ್ನು ಬಸ್ಸು ಹತ್ತಿಸಲು ನಯನ ಬಸ್ ಸ್ಟ್ಯಾಂಡಿಗೆ ಹೋದಳು. ಬಸ್ಸು ಇನ್ನೂ ಬಂದಿರಲಿಲ್ಲ. ಅಮ್ಮನ ಫೋನು ಟಿಂಗ್ ಅಂತು.

“ನೋಡೇ, ಇದೇನೋ ಕೇಳ್ತೈತೆ,” ಎಂದು ಅಮ್ಮ ಫೋನನ್ನು ಅವಳ ಕಡೆ ಚಾಚಿದಳು.

ಯಾವಾಗಲೂ ಆದರೆ ನಯನ ಅದನ್ನು ಕಸಿದುಕೊಂಡು, ಎರಡು ಸಲ ಒತ್ತಿ, ಇಷ್ಟೂ ಗೊತ್ತಾಗಲ್ವಾ ಅಂತ ವಾಪಸ್ ಕೊಡುತ್ತಿದ್ದಳು. ಇವತ್ತು ಕೈ ಮುಂದೆ ಬರಲಿಲ್ಲ. ಅಮ್ಮನ ಪಕ್ಕಕ್ಕೆ ಸರಿದು, ತೋಳಿಗೆ ತೋಳು ತಾಗಿಸಿ ನಿಂತಳು.

“ನೀನೇ ಓದಿ ಒತ್ತಮ್ಮ. ನಾನು ಇಲ್ಲೇ ಇರ್ತೀನಿ.”

“ಏನಾರ ಅಳಿಸಿ ಹೋದ್ರೆ?”

“ಹೋದ್ರೆ ಹೋಯ್ತು ಬುಡು,” ಎಂದಳು ನಯನ.

ಅಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ನಿಧಾನವಾಗಿ ಓದತೊಡಗಿದಳು. ಅಷ್ಟರಲ್ಲಿ ತುರುವೇಕೆರೆ ಬಸ್ಸು ಬಂತು. ಅಮ್ಮ ಇನ್ನೂ ಓದಿ ಮುಗಿಸಿರಲಿಲ್ಲ. ನಯನ ಕೈ ಅಡ್ಡ ಹಿಡಿದು, ಸ್ವಲ್ಪ ನಿಲ್ಲಿಸಿ ಅಂತ ಕಂಡಕ್ಟರಿಗೆ ಹೇಳಿದಳು.