ನೀಲಿ ಬಿಟ್ಟು

ಕಣ್ಣು ಬಿಟ್ಟಾಗ ಎದುರಿಗಿದ್ದವನು ಅವನೇ! ಅವಳು ದುಡಿಯುವ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮೇಸ್ತ್ರಿ. ಯಾರ ಮುಖವನ್ನು ನೋಡಬಾರದೆಂದು ಹಟ ಹಿಡಿದಿದ್ದಳೋ, ಅವನು.

ಹೊದಿಕೆಯ ಮೇಲಿದ್ದ ತನ್ನ ಕೈ ನೋಡಿ ಬೆಚ್ಚಿದಳು. ಚರ್ಮವೆಲ್ಲ ಮಸುಕು ನೀಲಿ...

'ನಾನು ಸತ್ತಿದ್ದೀನಾ?'

ಸತ್ತು ಬದುಕಿದ್ದಳು ಎನ್ನಬೇಕು. ನಡೆದದ್ದನ್ನು ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದ ಚಿಕ್ಕಮ್ಮ ಬಿಕ್ಕುತ್ತಲೇ ಹೇಳಿದಳು. ಎದೆಯ ಗಂಟು ತೆಗೆಯುವ ಮೊದಲು, ರೋಗ ಕಂಕುಳಿಗೂ ಹಬ್ಬಿದೆಯೇ ಎಂದು ಹುಡುಕಲು ಡಾಕ್ಟರು ನೀಲಿ ಬಣ್ಣದ ಇಂಜೆಕ್ಷನ್ ಕೊಟ್ಟಿದ್ದರು. ಅದು ಮೈಗೆ ಒಗ್ಗಲಿಲ್ಲ. ಮೈತುಂಬ ದದ್ದು ಎದ್ದು, ರಕ್ತದೊತ್ತಡ ಕುಸಿದು, ಹೃದಯವೇ ನಿಂತಿತ್ತು. ಎದೆ ಒತ್ತಿ ಒತ್ತಿ ಬದುಕಿಸಿಕೊಂಡಿದ್ದರು. ಗಂಟು ಮಾತ್ರ ಇನ್ನೂ ಅಲ್ಲೇ ಇತ್ತು.

ಯಾವುದಾದರೂ ಅಲರ್ಜಿ ಇದೆಯಾ ಎಂದು ಡಾಕ್ಟರು ಮೊದಲೇ ಕೇಳಿದ್ದರು. ಇಲ್ಲ ಎಂದಿದ್ದಳು. ಕಾರ್ಖಾನೆಯ ನೀಲಿ ಬಣ್ಣದ ತೊಟ್ಟಿಗೆ ಕೈ ಹಾಕಿದಾಗೆಲ್ಲ ಮೊಣಕೈವರೆಗೆ ತುರಿಸಿ ಊದುತ್ತಿದ್ದುದು ಅವಳಿಗೆ ಕಾಯಿಲೆ ಅನ್ನಿಸಿಯೇ ಇರಲಿಲ್ಲ. ಬಣ್ಣದ ಕೆಲಸ ಅಂದಮೇಲೆ ತುರಿಕೆ ಇದ್ದದ್ದೇ! ಕೆಲಸ ಹೋದೀತೆಂದು ತೋಳು ಮುಚ್ಚಿಕೊಂಡು ದುಡಿದಿದ್ದಳು.

ಆದರೂ ಗಂಟು ಪತ್ತೆಯಾದ ಹೊತ್ತಿಗೇ ಮೇಸ್ತ್ರಿ ಅವಳನ್ನು ತೊಟ್ಟಿಯ ಕೆಲಸದಿಂದ ತೆಗೆದು ಬಟ್ಟೆ ಮಡಿಸಲು ಕೂರಿಸಿದ್ದ. ಬಣ್ಣ ಗುರುತಿಸುವುದರಲ್ಲಿ ಅಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಂಟಿನ ಸುದ್ದಿ ತಿಳಿದೇ ತನ್ನನ್ನು ಮೂಲೆಗೆ ತಳ್ಳಿದ ಎಂದುಕೊಂಡು ಮಾತು ಬಿಟ್ಟಿದ್ದಳು. ಒಳಗೊಳಗೇ ಅತ್ತಿದ್ದಳು. ಮನಸ್ಸು ಕೊಟ್ಟಿದ್ದು ಅವನಿಗೇ ಅಲ್ಲವೇ...

ಮರುದಿನ ಡಾಕ್ಟರು ಬಂದು, ಮತ್ತೆ ಆಪರೇಷನ್ ಮಾಡಲೇಬೇಕು ಎಂದರು. ಈ ಸಲ ಬಣ್ಣ ಹಾಕುವಂತಿಲ್ಲ. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಬೇಕಾದೀತು, ಆ ತೋಳು ಮೊದಲಿನಂತಿರಲಾರದು ಎಂದರು. ಉಳಿಯುತ್ತಾಳೆ ಎಂಬ ಮಾತನ್ನು ಮಾತ್ರ ಕೊಡಲಿಲ್ಲ.

ಅವರು ಹೋದಮೇಲೆ ಮೇಸ್ತ್ರಿ ಬಾಯಿಬಿಟ್ಟ.

"ನಿನ್ನ ಕೈ ಊದೋದು ನೋಡಕ್ಕಾಗ್ಲಿಲ್ಲ. ಅದಕ್ಕೇ ತೊಟ್ಟಿಯಿಂದ ತೆಗೆದೆ. ಕಾರಣ ಹೇಳಕ್ಕೆ ಹೋದ್ರೆ ಮನಸ್ಸಲ್ಲಿರೋದೆಲ್ಲ ಆಚೆ ಬಂದ್ಬಿಡುತ್ತೆ ಅಂತ ಸುಮ್ನಿದ್ದೆ. ನೀಲಿ ನಿನ್ನ ಮೈಗಾಗಲ್ಲ ಅಂತ ಹೇಳಿದ್ದಿದ್ರೆ ನೀನೂ ಡಾಕ್ಟರಿಗೆ ಹೇಳಿರ್ತಿದ್ದೆ..."

ಅವಳ ಕಣ್ಣಂಚಿನಿಂದ ನೀರಿಳಿಯಿತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಮುಚ್ಚಿಟ್ಟವಳು ಅವಳೂ ಹೌದು.

"ಮತ್ತೆ ಆ ಟೇಬಲ್ ಮೇಲೆ ಮಲಗಕ್ಕೆ ಭಯ ಆಗುತ್ತೆ," ಎಂದಳು. "ಎದ್ದರೂ ಈ ಕೈಲಿ ಒದ್ದೆ ಬಟ್ಟೆ ಎತ್ತಕ್ಕಾಗಲ್ಲ. ನನ್ನ ಕಟ್ಕೊಂಡು ಏನ್ಮಾಡ್ತೀರಿ?"

"ಎತ್ತೋದು ನಾನು. ಯಾವ ಬಣ್ಣ ಅಂತ ಹೇಳಕ್ಕೆ ನೀನು ಎದ್ದು ಬಾ."

ಅವಳು ತನ್ನ ಮಸುಕು ನೀಲಿ ಬೆರಳುಗಳನ್ನು ಅವನ ಅಂಗೈಯಲ್ಲಿಟ್ಟಳು.

"ಬರ್ತೀನಿ. ನೀಲಿ ಬಿಟ್ಟು ಯಾವುದಾದ್ರೂ ಹೇಳ್ತೀನಿ."