ದಾಟದೆ ನಿಂತವರ ಲೆಕ್ಕ

ರಸ್ತೆ ದಾಟುವವರನ್ನು ಎಣಿಸುವುದೂ ಒಂದು ಓದು ಎಂದರೆ ರಂಜಿನಿಯ ಮನೆಯಲ್ಲಿ ಯಾರೂ ನಂಬಿರಲಿಲ್ಲ. ಆರ್‌ಪಿಸಿ ಲೇಔಟಿನ ಅವಳ ಅಪ್ಪ, ಜೀವಮಾನವೆಲ್ಲ ಫೈಲುಗಳ ನಡುವೆ ಕಳೆದ ಗುಮಾಸ್ತರು, "ಎಂ.ಎ. ಅಂದ್ಮೇಲೆ ಲೈಬ್ರರೀಲಿ ಕೂತು ಓದ್ತಾರಮ್ಮ, ನಾಯಂಡಹಳ್ಳಿ ಧೂಳಲ್ಲಿ ಅಲ್ಲ" ಎಂದಿದ್ದರು. ಆದರೆ ಅವಳು ಓದುತ್ತಿದ್ದದ್ದು ನಗರ ಭೂಗೋಳ. ಊರೊಳಗೆ ಮನುಷ್ಯ ಎಲ್ಲಿಂದ ಎಲ್ಲಿಗೆ ಓಡಾಡುತ್ತಾನೆ, ಯಾಕೆ ಓಡಾಡುತ್ತಾನೆ ಎಂದು ಕೆದಕುವ ಓದು ಅದು. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ನಾಯಂಡಹಳ್ಳಿಯಲ್ಲಿ ವರ್ಕ್‌ಶಾಪು, ಗೋಡೌನುಗಳ ನಡುವೆ ಹಾದುಹೋಗುವ ಒಂದು ಅಗಲವಾದ ರಸ್ತೆಯನ್ನು.

ಮೆಟ್ರೋ ಇಳಿದು ಬರುವುದು, ಜಂಬಣ್ಣನ ಟೀ ಅಂಗಡಿಯ ಬೆಂಚಿನ ಮೇಲೆ ಕೂರುವುದು, ಸಂಜೆ ನಾಲ್ಕರಿಂದ ಆರರವರೆಗೆ ಯಾರೇ ರಸ್ತೆ ದಾಟಿದರೂ ಕೈಯಲ್ಲಿದ್ದ ಎಣಿಕೆಯ ಪುಟ್ಟ ಕ್ಲಿಕ್ಕರನ್ನು ಒಮ್ಮೆ ಒತ್ತುವುದು, ಗಂಡಸೋ ಹೆಂಗಸೋ ಎಂದು ಹೊತ್ತಿನ ಜೊತೆ ಹಾಳೆಯಲ್ಲಿ ಗುರುತು ಹಾಕುವುದು. ಅಷ್ಟೇ ಕೆಲಸ.

ಮೊದಲ ದಿನವೇ ನೀಲಿ ಬಟ್ಟೆಯವನೊಬ್ಬ ಬಂದು ಅವಳ ಕಣ್ಣಿಗೆ ಅಡ್ಡ ನಿಂತ.

"ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ?" ಎಂದಳು ರಂಜಿನಿ.

"ಟೀ ಕುಡಿಯೋಕ್ ಬಂದಿದೀನಿ ಮೇಡಂ."

"ಕುಡೀರಿ. ಆದ್ರೆ ನನ್ನ ರಸ್ತೆಗೆ ಅಡ್ಡ ನಿಲ್ಬೇಡಿ."

"ನಿಮ್ಮ ರಸ್ತೆನಾ?" ಅವನು ತಿರುಗಿ ರಸ್ತೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ. "ಇಪ್ಪತ್ತೇಳು ವರ್ಷದಿಂದ ನಮ್ದು ಅನ್ಕೊಂಡಿದ್ದೆ."

ಹೆಸರು ಮಹದೇವ್. ಎದುರುಗಡೆಯ ಲೇತ್ ವರ್ಕ್‌ಶಾಪು ಅವನದೇ, ಅದರ ಹಿಂದಿನ ಮನೆಯೂ ಅವನದೇ. ಮುಂಗೈಗೆ ಗ್ರೀಸು, ಕಿವಿಯ ಹಿಂದೆ ಕಬ್ಬಿಣಕ್ಕೆ ಗುರುತು ಹಾಕುವ ಚಾಕ್‌ಪೀಸು. ನಗುವುದಕ್ಕೆ ಮೊದಲು ಒಂದು ಕ್ಷಣ ತಲೆ ತಗ್ಗಿಸುವ ಅಭ್ಯಾಸ ಬೇರೆ. ಆ ಒಂದು ಕ್ಷಣ ರಂಜಿನಿಗೆ ಅಂದು ರಾತ್ರಿ ಊಟದ ಹೊತ್ತಿನಲ್ಲಿ ನೆನಪಾಯಿತು, ಯಾಕೆಂದು ಅವಳನ್ನು ಕೇಳಬೇಡಿ.

"ನನ್ನನ್ನೂ ಎಣಿಸಿದ್ರಾ?" ಎಂದು ಕೇಳಿದ್ದ ಅವನು.

"ಎಣಿಸ್ದೆ."

"ವಾಪಸ್ ಹೋದ್ರೆ?"

"ಅದು ಇನ್ನೊಂದು. ಎಷ್ಟು ಸಲ ದಾಟ್ತೀರೋ ಅಷ್ಟು ಸಲ ಒತ್ತಬೇಕು. ರೂಲು."

ಆರು ಗಂಟೆಗೆ ಕ್ಲಿಕ್ಕರಿನಲ್ಲಿ ಮುನ್ನೂರ ಹನ್ನೆರಡು ಇತ್ತು. ರಂಜಿನಿಯ ಮುಖ ಸಣ್ಣಗಾಯಿತು. "ನಾನೂರಾದ್ರೂ ಬೇಕಿತ್ತು. ಹೀಗೇ ಇದ್ರೆ ನಮ್ಮ ಗೈಡ್ ಮೇಡಂ ಬೇರೆ ರಸ್ತೆ ನೋಡ್ಕೋ ಅಂತಾರೆ" ಎಂದು ಜಂಬಣ್ಣನ ಹತ್ತಿರ ಹೇಳಿಕೊಂಡಳು. ಎರಡನೇ ಟೀ ಹಿಡಿದು ನಿಂತಿದ್ದ ಮಹದೇವನ ಕಿವಿಗೂ ಅದು ಬಿತ್ತು.

ಮರುದಿನ ಮುನ್ನೂರ ತೊಂಬತ್ತು. ಅದರ ಮರುದಿನ ನಾನೂರ ಇಪ್ಪತ್ತು.

ಅದರಲ್ಲಿ ಮಹದೇವನ ಪಾಲು ಕಮ್ಮಿಯೇನಲ್ಲ. ಟೀಗೆ ಬಂದ, ಹೋದ. ಲೋಟ ವಾಪಸ್ ಕೊಡಲು ಬಂದ, ಹೋದ. ಸಕ್ಕರೆ ಕಮ್ಮಿ ಇತ್ತು ಎಂದು ಹೇಳುವುದು ಮರೆತಿತ್ತಂತೆ, ಅದಕ್ಕೂ ಬಂದ. ಪ್ರತಿ ಸಲವೂ ನಡುವಿನ ಡಿವೈಡರಿಗೆ ಬಂದು ನಿಂತು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ. ಅವಳೂ ಬೇಕೆಂದೇ ಒತ್ತದೆ ಕೂರುತ್ತಿದ್ದಳು. ಅವನು ಅಲ್ಲಾಡುತ್ತಿರಲಿಲ್ಲ. ಲಾರಿಗಳ ನಡುವೆ ಅವನನ್ನು ನಿಲ್ಲಿಸಿಕೊಂಡು ಎಷ್ಟು ಹೊತ್ತು ಸತಾಯಿಸಲಾದೀತು, ಕೊನೆಗೆ ತುಟಿ ಕಚ್ಚಿಕೊಂಡು ಒತ್ತುತ್ತಿದ್ದಳು. ಒತ್ತಿದ ಮೇಲೇ ಅವನು ಉಳಿದರ್ಧ ರಸ್ತೆ ದಾಟುತ್ತಿದ್ದ.

"ಇವತ್ತಿಗೆ ಎಂಟನೇ ಸಲ ನೀವು" ಎಂದಳು ಒಂದು ದಿನ.

"ಒಂಬತ್ತು. ನಿಮ್ಮ ಲೆಕ್ಕ ಸರಿ ಇಲ್ಲ."

ಅವಳಿಗೆ ಕೆನ್ನೆ ಬಿಸಿಯಾಯಿತು. ಇದು ಸರಿಯಾದ ಎಣಿಕೆಯಲ್ಲ ಎಂದು ಒಳಗೊಳಗೇ ಗೊತ್ತಿತ್ತು. ಆದರೆ ರೂಲು ಎಂದರೆ ರೂಲು, ನಾನೇನು ಮಾಡಲಿ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಒತ್ತುತ್ತಲೇ ಹೋದಳು.

ಎರಡು ವಾರ ಕಳೆದ ಮೇಲೆ ಗೈಡ್ ಅನಂತಲಕ್ಷ್ಮಿ ಮೇಡಂ ಗ್ರಾಫನ್ನು ಮೇಜಿನ ಮೇಲೆ ಹರಡಿಕೊಂಡರು. "ನಂಬರ್ ಚೆನ್ನಾಗಿದೆ. ಆದ್ರೆ ನಾಲ್ಕೂವರೆಯಿಂದ ಐದರ ಮಧ್ಯೆ ಇದೇನು ಗುಡ್ಡ ಎದ್ದಿದೆ? ಅದೂ ಬರೀ ಗಂಡಸರು."

"ಶಿಫ್ಟ್ ಬಿಡುತ್ತೇನೋ ಮೇಡಂ."

"ಏನೋ ಅಂತ ಪ್ರಬಂಧದಲ್ಲಿ ಬರೆಯೋಕಾಗುತ್ತಾ? ಫಾರ್ಮ್ ತಗೊಂಡು ಹೋಗಿ ಕೇಳು. ಎಲ್ಲಿಂದ ಬಂದ್ರಿ, ಎಲ್ಲಿಗೆ ಹೋಗ್ತೀರಾ, ಉದ್ದೇಶ ಏನು. ಮೂರೇ ಪ್ರಶ್ನೆ. ಸಬ್ಮಿಷನ್‌ಗೆ ಇನ್ನು ಮೂರು ವಾರ ಇದೆ."

ಮರುದಿನ ನಾಲ್ಕೂವರೆಗೆ ರಂಜಿನಿ ತಡೆದು ನಿಲ್ಲಿಸಿದ ಮೊದಲ ಮನುಷ್ಯ ಗಿರಿರಾಜ್, ಮಹದೇವನ ವರ್ಕ್‌ಶಾಪಿನ ವೆಲ್ಡರ್. ಹೆಂಡತಿ ಮಕ್ಕಳಿರುವ ಪಾಪದ ಆಸಾಮಿ, ಸುಳ್ಳು ಅವನ ಬಾಯಲ್ಲಿ ನಿಲ್ಲುವುದಿಲ್ಲ.

"ಉದ್ದೇಶ ಏನು ಅಣ್ಣ?"

"ಉದ್ದೇಶ ಏನಿಲ್ಲ ಮೇಡಂ. ಮಹದೇವ್ ದಾಟು ಅಂದ್ರು. ದಿನಾ ಹತ್ತು ಸಲ. ಎಂಟು ಜನಾನೂ." ಅವಳ ಮುಖ ನೋಡಿ ಅವನು ಗಾಬರಿಯಾದ. "ನಿಮ್ಗೆ ಹೇಳಿಲ್ವಾ?"

ಹೇಳಿರಲಿಲ್ಲ. ಅಕ್ಕಪಕ್ಕದ ವರ್ಕ್‌ಶಾಪಿನವರೆಲ್ಲ ತೊಡುವುದು ಅದೇ ನೀಲಿ ಬಟ್ಟೆ. ಅಷ್ಟು ನೀಲಿಯಲ್ಲಿ ಅವಳ ಕಣ್ಣು ಒಬ್ಬನನ್ನೇ ಹುಡುಕುತ್ತಿತ್ತು. ಉಳಿದವರ ಮುಖ ನೋಡುವ ವ್ಯವಧಾನ ಅವಳಿಗೆಲ್ಲಿತ್ತು?

ಮಹದೇವ್ ಟೀಗೆಂದು ಬಂದಾಗ ಅವಳು ಎದ್ದು ನಿಂತಿದ್ದಳು.

"ಯಾಕೆ ಹೀಗೆ ಮಾಡಿದ್ರಿ?"

ಅವನು ತಲೆ ತಗ್ಗಿಸಿದ. ಈ ಸಲ ಅದರ ಹಿಂದೆ ನಗು ಬರಲಿಲ್ಲ. "ನಂಬರ್ ಕಮ್ಮಿ ಆದ್ರೆ ನೀವು ಬೇರೆ ರಸ್ತೆಗೆ ಹೋಗ್ಬಿಡ್ತೀರಾ ಅಂದ್ರಲ್ಲ. ಅದಕ್ಕೆ."

"ಇದು ನನ್ನ ಎರಡು ವರ್ಷದ ಓದು ಮಹದೇವ್. ಇದ್ರಲ್ಲಿ ನಾನು ಬರೆಯೋದು ಯಾವುದೂ ಸುಳ್ಳಾಗಿರಬಾರದು. ಈಗ ಎಲ್ಲಾನೂ ಸುಳ್ಳು." ಅವನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ಸಂತೋಷಪಟ್ಟು ಒತ್ತಿದ ತನ್ನ ಹೆಬ್ಬೆರಳ ಮೇಲೆ ಸಿಟ್ಟು. "ನಾನು ಮೊದಲಿಂದ ಎಣಿಸ್ತೀನಿ. ನಾಲ್ಕರಿಂದ ಆರು ನೀವು ಈ ಕಡೆ ಕಾಲಿಡಬಾರದು."

"ಒಂದು ಸಲಾನೂ?"

"ಒಂದು ಸಲಾನೂ."

"ಆಯ್ತು" ಎಂದು ಅವನು ಟೀ ಕುಡಿಯದೆಯೇ ವಾಪಸ್ ದಾಟಿದ. ಅವಳು ಒತ್ತಲಿಲ್ಲ.

ನಡೆದದ್ದನ್ನೆಲ್ಲ ಹೋಗಿ ಹೇಳಿದಾಗ ಗೈಡ್ ಮೇಡಂ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ, "ಬಂದು ಹೇಳಿದ್ಯಲ್ಲ, ಒಳ್ಳೇದಾಯ್ತು" ಎಂದರು. "ಇದನ್ನ ಪೂರ್ತಿ ಬಿಟ್ಟುಬಿಡು. ಮತ್ತೆ ಹತ್ತು ದಿನ ಎಣಿಸು. ಹೇಳೋವಂಥದ್ದು ಏನಾದ್ರೂ ಸಿಕ್ಕಿದ್ರೆ ಈ ವರ್ಷ. ಇಲ್ಲ ಅಂದ್ರೆ ಬೇರೆ ಜಾಗ, ಮುಂದಿನ ವರ್ಷ."

ಹೀಗೆ ಆ ಹತ್ತು ದಿನ ಶುರುವಾಯಿತು.

ಮಹದೇವ್ ಮಾತಿಗೆ ತಪ್ಪಲಿಲ್ಲ. ವರ್ಕ್‌ಶಾಪಿನ ಎರಡು ಶಟರುಗಳಲ್ಲಿ ಮುಚ್ಚಿಯೇ ಇರುವ ಒಂದರ ಪಕ್ಕ ನಿಂತಿರುತ್ತಿದ್ದ. ಒಂದು ಲಾರಿ ಹೋದರೆ ಕಾಣುತ್ತಿದ್ದ, ಇನ್ನೊಂದು ಬಂದರೆ ಮರೆಯಾಗುತ್ತಿದ್ದ. ಬಸ್ಸಿನ ಕಿಟಕಿಗಳ ಸಂದಿನಲ್ಲಿ ತುಂಡುತುಂಡಾಗಿ ಅವನ ನೀಲಿ ಬಟ್ಟೆ, ಕೈ, ಕಿವಿಯ ಹಿಂದಿನ ಚಾಕ್‌ಪೀಸು. ದಿನಕ್ಕೊಮ್ಮೆ ರಸ್ತೆಯ ಅಂಚಿನವರೆಗೂ ಬಂದು, ಅವಳತ್ತ ನೋಡಿ, ಹಾಗೇ ವಾಪಸ್ ಹೋಗುತ್ತಿದ್ದ. ಆಗಾಗ ಶಟರಿನ ಮೇಲೆ ಏನೋ ಗೀಚುತ್ತಿದ್ದ. ಇವನಿಗೆ ಇನ್ನೂ ಆಟ ಎಂದು ಅವಳು ಹಲ್ಲು ಕಡಿದಳು.

ನಾಲ್ಕನೇ ದಿನ ಜಂಬಣ್ಣನಿಗೆ ತಡೆಯಲಾಗಲಿಲ್ಲ. "ಟೀ ಇಲ್ದೆ ಒಣಗ್ತಾ ಇದಾನೆ ಕಣಮ್ಮ. ನಾನೇ ಹೋಗಿ ಒಂದು ಲೋಟ ಕೊಟ್ಟು ಬರ್ಲಾ?"

"ಬೇಡ ಜಂಬಣ್ಣ. ಹೋಗಿ ಬಂದ್ರೆ ಎರಡು ಎಣಿಕೆ ಆಗುತ್ತೆ."

ಹೇಳಿದ್ದು ಅವಳೇ. ಆದರೆ ಕೈಯಲ್ಲಿದ್ದ ಟೀಯನ್ನು ಅವಳೂ ಅರ್ಧಕ್ಕೇ ಬಿಟ್ಟಳು. ಸಿಟ್ಟು ಯಾವತ್ತು ಕರಗಿತೋ ಅವಳಿಗೇ ತಿಳಿಯದು. ಏಳನೇ ದಿನದ ಹೊತ್ತಿಗೆ ಉಳಿದಿದ್ದದ್ದು ಬರೀ ಅವನಿಲ್ಲದ ಬೇಜಾರು. ಕಣ್ಣೆದುರೇ ಇದ್ದಾನೆ, ಆದರೂ ಇಲ್ಲ. ಅಷ್ಟು ಅಗಲದ ರಸ್ತೆಯನ್ನು ಅವಳು ಯಾವ ಭೂಪಟದಲ್ಲೂ ನೋಡಿರಲಿಲ್ಲ.

ಹತ್ತನೇ ದಿನ ಆರು ಗಂಟೆಗೆ ಮೊಬೈಲಿನ ಅಲಾರಂ ಹೊಡೆಯಿತು. ಇನ್ನೂರ ತೊಂಬತ್ತೆಂಟು. ಹತ್ತು ದಿನವೂ ಮುನ್ನೂರರ ಆಚೀಚೆಯೇ. ಇಷ್ಟು ಅಂಗಡಿ, ಇಷ್ಟು ಮನೆ ಇರುವ ಕಡೆ ಇಷ್ಟೇ ಜನ ಯಾಕೆ ದಾಟುತ್ತಾರೆ ಎನ್ನುವುದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಹೋಯಿತು ಒಂದು ವರ್ಷ ಎಂದುಕೊಂಡು ಕ್ಲಿಕ್ಕರನ್ನು ಬ್ಯಾಗಿಗೆ ಹಾಕಿದಳು.

ತಲೆಯೆತ್ತಿದರೆ ಮಹದೇವ್ ಆ ಕಡೆಯೇ ನಿಂತಿದ್ದ. ಆರು ಹೊಡೆದಾಗಿತ್ತು, ಇನ್ನು ದಾಟಬಹುದಿತ್ತು. ಆದರೂ ಬರಲಿಲ್ಲ. ಅವಳು ಬಾ ಅನ್ನುವವರೆಗೆ ಬರುವವನಲ್ಲ ಎಂದು ಅವಳಿಗೆ ಅರ್ಥವಾಯಿತು. ಬಾ ಅನ್ನಲು ಬಾಯಿ ಬರಲಿಲ್ಲ, ತಾನೇ ಹೊರಟಳು.

ಅಂಚಿಗೆ ಬಂದು ನಿಂತಾಗಲೇ ಅವಳಿಗೆ ಹೊಳೆದದ್ದು. ಸಾವಿರಾರು ಸಲ ಬೇರೆಯವರು ದಾಟಿದ್ದನ್ನು ಎಣಿಸಿದ ಅವಳು ತಾನು ಒಂದು ಸಲವೂ ಈ ರಸ್ತೆ ದಾಟಿರಲಿಲ್ಲ. ಮೆಟ್ರೋ ಈ ಕಡೆ, ಬೆಂಚು ಈ ಕಡೆ. ಒಂದು ಹೆಜ್ಜೆ ಇಟ್ಟಳು, ಟಿಪ್ಪರ್ ಬಂತು, ಹಿಂದೆ ಸರಿದಳು. ಮತ್ತೆ ಇಟ್ಟಳು, ಮತ್ತೆ ಸರಿದಳು. ಎದುರಿಗೆ ಮಹದೇವ್ ಕಿವಿಯ ಹಿಂದಿನ ಚಾಕ್‌ಪೀಸು ತೆಗೆದು ಶಟರಿನ ಮೇಲೆ ಒಂದು ಗೆರೆ ಎಳೆದ.

ಮೂರನೆಯ ಸಲಕ್ಕೆ ಕಣ್ಣು ಮುಚ್ಚದೆ, ಓಡದೆ, ದಾಟಿಬಿಟ್ಟಳು.

"ಏನದು ಗೀಚಿದ್ದು?" ಉಸಿರು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ.

"ನೀವು ದಾಟೋಕೆ ಬಂದು ವಾಪಸ್ ಹೋದ್ರಲ್ಲ, ಅದು."

ಶಟರಿನ ತುಂಬ ಬಿಳಿ ಗೆರೆಗಳು. ಹತ್ತು ದಿನಕ್ಕೆ ಹತ್ತು ಸಾಲು, ಹೆಂಗಸರಿಗೆ ಉದ್ದ ಗೆರೆ, ಗಂಡಸರಿಗೆ ಗಿಡ್ಡ ಗೆರೆ. ಉದ್ದ ಗೆರೆಗಳೇ ಜಾಸ್ತಿ.

"ನಿಮ್ಮ ಫಾರ್ಮಲ್ಲಿ ದಾಟಿದವರಿಗೆ ಮಾತ್ರ ಜಾಗ ಇದೆ" ಎಂದ ಅವನು ಮೆಲ್ಲಗೆ. "ದಾಟೋಕಾಗ್ದೆ ವಾಪಸ್ ಹೋಗೋರು ಎಷ್ಟು ಜನ ಇದಾರೆ ನೋಡಿ. ನಮ್ಮಮ್ಮನೂ ಅದರಲ್ಲೇ. ಚಿಕ್ಕಮ್ಮನ ಮನೆ ಜಂಬಣ್ಣನ ಅಂಗಡಿ ಹಿಂದೆನೇ ಇದೆ. ದಿನಾ ಸಂಜೆ ಅಂಚಿಗೆ ಬಂದು ನಿಂತು, ನೋಡಿ, ಮನೆಗೆ ಹೋಗ್ತಾರೆ. ನಾಲ್ಕು ವರ್ಷ ಆಯ್ತು ನಡ್ಕೊಂಡು ಹೋಗಿ."

ಹೌದು, ಬುಟ್ಟಿಯಂಥ ದೊಡ್ಡ ಬ್ಯಾಗು ಹಿಡಿದ ಒಬ್ಬ ಹೆಂಗಸನ್ನು ರಂಜಿನಿ ದಿನವೂ ಕಂಡಿದ್ದಳು. ಅವರು ದಾಟುತ್ತಿರಲಿಲ್ಲ, ಹಾಗಾಗಿ ಇವಳು ಒತ್ತುತ್ತಿರಲಿಲ್ಲ. ಮುನ್ನೂರೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಷ್ಟು ದಿನ ಎದುರುಗಡೆಯೇ ನಿಂತಿತ್ತು. ಅವಳಿಗೆ ಅಳು ಬಂದಂತಾಯಿತು.

"ಒಂದು ಸಲ ಲೆಕ್ಕ ಕೆಡಿಸಿದವನನ್ನ ನಂಬಿ ಅಂತ ನಾನು ಹೇಳಲ್ಲ" ಎಂದ ಮಹದೇವ್. "ನಾಳೆಯಿಂದ ಈ ಕಡೆ ಕೂತು ನೀವೇ ಎಣಿಸಿ. ಇನ್ನೂ ಒಂದು ವಾರ ಇದೆಯಲ್ಲ."

ಅವಳು ತಲೆಯಾಡಿಸಿದಳು. ಆಗ ಶಟರಿನ ಮೂಲೆಯಲ್ಲಿ ಬೇರೆಯಾಗಿ ಎಳೆದ ಹತ್ತು ಗಿಡ್ಡ ಗೆರೆಗಳು ಕಣ್ಣಿಗೆ ಬಿದ್ದವು. ದಿನಕ್ಕೊಂದು.

"ಇದು ಯಾರು?"

ಅವನು ಚಾಕ್‌ಪೀಸನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡ. ರಂಜಿನಿ ಬ್ಯಾಗಿನಿಂದ ಫಾರ್ಮು ತೆಗೆದು ಪೆನ್ನು ಬಿಚ್ಚಿದಳು. ಫಾರ್ಮನ್ನು ಶಟರಿಗೆ ಒತ್ತಿ ಹಿಡಿದಳು.

"ಎಲ್ಲಿಂದ?"

"ಇಲ್ಲಿಂದ."

"ಎಲ್ಲಿಗೆ?"

"ಜಂಬಣ್ಣನ ಬೆಂಚಿಗೆ."

"ಉದ್ದೇಶ? ಕೆಲಸ, ಓದು, ಖರೀದಿ, ಆಸ್ಪತ್ರೆ, ಇತರೆ."

"ಇತರೆ."

"ಇತರೆ ಅಂದ್ರೆ ಬಿಡಿಸಿ ಹೇಳ್ಬೇಕು. ರೂಲು."

ಅವನು ತಲೆ ತಗ್ಗಿಸಿದ. ಅವಳು ಕಾದಳು. ತಲೆಯೆತ್ತಿದಾಗ ನಗು ಇತ್ತು, ಕಣ್ಣಲ್ಲಿ ಭಯವೂ ಇತ್ತು. "ನಿಮ್ಮನ್ನ ನೋಡೋಕೆ. ಬೇರೆ ಉದ್ದೇಶ ಮೊದಲ ದಿನದಿಂದಲೂ ಇರ್ಲಿಲ್ಲ."

ರಂಜಿನಿ ಅದನ್ನು ಅಕ್ಷರಶಃ ಬರೆದುಕೊಂಡಳು. ಆಮೇಲೆ ಅದೇ ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದು ಅವನ ಕೈಗೆ ಕೊಟ್ಟಳು. ಎಲ್ಲಿಂದ, ಆರ್‌ಪಿಸಿ ಲೇಔಟ್. ಎಲ್ಲಿಗೆ, ಇಲ್ಲಿಗೆ. ಉದ್ದೇಶ, ಮೇಲಿನದೇ.

ಅವನು ಓದಿದ. ಇನ್ನೊಮ್ಮೆ ಓದಿ ಮಡಚಿ ಎದೆಯ ಜೇಬಿಗಿಟ್ಟುಕೊಂಡ. "ಇದು ಮೇಡಂಗೆ ಸಿಗಲ್ಲ" ಎಂದ.

ಅಷ್ಟರಲ್ಲಿ ಮನೆಯ ಬಾಗಿಲಿಂದ ಬ್ಯಾಗು ಹಿಡಿದು ಅವನ ತಾಯಿ ಗಂಗಲಕ್ಷ್ಮಮ್ಮ ಹೊರಬಂದರು. ಎಂದಿನಂತೆ ಅಂಚಿಗೆ ಬಂದು ನಿಂತರು.

"ನೀವ್ಯಾಕೆ ಕರ್ಕೊಂಡು ಹೋಗಲ್ಲ?" ಎಂದು ರಂಜಿನಿ ಪಿಸುಗುಟ್ಟಿದಳು.

ಮಾತು ಗಂಗಲಕ್ಷ್ಮಮ್ಮನ ಕಿವಿಗೆ ಬಿತ್ತು. "ಇವನು ಒಂದು ಕಡೆ ಕೈ ಹಿಡೀತಾನೆ ಕಣವ್ವ. ಇನ್ನೊಂದು ಕಡೆಯಿಂದ ಗಾಡಿ ಬಂದ್ರೆ? ನಂಗೆ ಎರಡೂ ಕಡೆ ಆಳು ಬೇಕು."

ರಂಜಿನಿ ಹೋಗಿ ಅವರ ಬಲಗೈ ಹಿಡಿದಳು. ಮಹದೇವ್ ಎಡಗೈ ಹಿಡಿದ. ಮೂವರೂ ಇಳಿದರು. ಡಿವೈಡರಿನಲ್ಲಿ ಗಂಗಲಕ್ಷ್ಮಮ್ಮ ಸ್ವಲ್ಪ ಹೊತ್ತು ನಿಂತು ದಮ್ಮು ತೆಗೆದುಕೊಂಡರು, ಆಮೇಲೆ ಅವರೇ ಮೊದಲ ಹೆಜ್ಜೆ ಇಟ್ಟರು. ಜಂಬಣ್ಣ ಸೌಟು ಹಿಡಿದುಕೊಂಡೇ ಎದ್ದು ನಿಂತು ನೋಡಿದ.

ಈ ಕಡೆ ಸೇರಿದ ಮೇಲೆ ಅವರು ಎರಡೂ ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡರು. "ವಾಪಸ್ ಹೋಗೋಕೂ ಇಬ್ಬರು ಬೇಕು. ಎಲ್ಲಿಗೂ ಹೋಗ್ಬೇಡಿ, ಇಲ್ಲೇ ಇರಿ" ಎಂದು ಹೇಳಿ ತಂಗಿಯ ಮನೆಯ ಓಣಿಯತ್ತ ನಡೆದರು.

ಬೆಂಚಿನ ಮುಂದೆ ಇಬ್ಬರೇ ಉಳಿದರು. ನಡುವೆ ಗಂಗಲಕ್ಷ್ಮಮ್ಮ ನಿಂತಿದ್ದಷ್ಟು ಜಾಗ ಹಾಗೇ ಖಾಲಿ ಇತ್ತು. ರಂಜಿನಿ ಅದನ್ನೊಮ್ಮೆ ನೋಡಿದಳು. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಳು, ಗ್ರೀಸು ಹತ್ತಿದ ಆ ಕೈಯನ್ನು ಹಿಡಿದುಕೊಂಡಳು.

ಜಂಬಣ್ಣ ಕೇಳದೆಯೇ ಎರಡು ಟೀ ತಂದಿಟ್ಟ.